ಎರಡನೆಯ ಪದವಿಯೋ, ಸ್ನಾತಕೋತ್ತರವೋ: ಆದವಾನಿ ಸೀಮೆಯ ಪದವೀಧರರ ಮುಂದಿನ ಓದು

ಪದವಿ ಮುಗಿಸಿದವರ ಮುಂದಿನ ಓದಿಗೆ ಎರಡು ದಾರಿಗಳಿವೆ. ಒಂದು, ಓದಿದ ವಿಷಯದಲ್ಲೇ ಆಳಕ್ಕಿಳಿಯುವ ಸ್ನಾತಕೋತ್ತರ ಪದವಿ. ಇನ್ನೊಂದು, ಬೇರೆ ವಿಷಯವನ್ನೋ ವೃತ್ತಿಯನ್ನೋ ಬುಡದಿಂದ ಕಲಿಸುವ ಎರಡನೆಯ ಸ್ನಾತಕ ಪದವಿ. ಮೊದಲನೆಯದೇ ಮೇಲು, ಎರಡನೆಯದು ಇದ್ದಲ್ಲೇ ನಿಂತಂತೆ ಎಂಬ ನಂಬಿಕೆ ಮನೆಮನೆಗಳಲ್ಲಿ ಬೇರೂರಿದೆ. ಆ ನಂಬಿಕೆ ತಪ್ಪು. ಎರಡು ವರ್ಷದ ಬಿ.ಇಡಿ., ಮೂರು ವರ್ಷದ ಎಲ್.ಎಲ್.ಬಿ. ಇವೆರಡೂ ಸ್ನಾತಕ ಪದವಿಗಳೇ. ಆದರೂ ಮೊದಲೊಂದು ಪದವಿ ಕೈಯಲ್ಲಿಲ್ಲದವರಿಗೆ ಅವು ಸಿಗುವುದಿಲ್ಲ. ಸ್ನಾತಕೋತ್ತರವು ವಿಷಯದ ಮೇಲೆ ಹಿಡಿತ ಕೊಡುತ್ತದೆ. ಇವು ವೃತ್ತಿಯೊಂದನ್ನು ಮಾಡುವ ಅರ್ಹತೆ ಕೊಡುತ್ತವೆ.

ಆದವಾನಿ, ಆಲೂರು, ಕೌತಾಳ, ಹೊಳಗುಂದಿ, ಕೋಸಿಗಿಯ ಕನ್ನಡ ಕುಟುಂಬಗಳಿಗೆ ಈ ಆಯ್ಕೆಯ ಜೊತೆ ಗಡಿಯ ಪ್ರಶ್ನೆಯೂ ಸೇರಿಕೊಂಡಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು; ಮಿಕ್ಕವು ಮೈಸೂರಿಗೆ ಸೇರಿದವು. ಇಂದಿಗೂ ಆದವಾನಿಗೆ ಜಿಲ್ಲಾ ಕೇಂದ್ರ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ. ಕರ್ನೂಲಿನ ರಾಯಲಸೀಮಾ ವಿಶ್ವವಿದ್ಯಾಲಯ 2008ರಲ್ಲಿ ಬಂತು, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ. ಹೀಗೆ ಇಲ್ಲಿನ ಪದವೀಧರರಿಗೆ ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳೂ ಎಟುಕುವಷ್ಟು ದೂರದಲ್ಲಿವೆ. ಕನ್ನಡದಲ್ಲೇ ಸಂಶೋಧನೆ ಮಾಡಬೇಕೆನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಇದೆ.

ಗಡಿ ದಾಟಿ ಓದಿದರೆ ಆಂಧ್ರದ ನೌಕರಿಯಲ್ಲಿ ಸ್ಥಳೀಯರೆಂಬ ಮಾನ್ಯತೆ ಹೋಗುತ್ತದೆಯೇ ಎಂಬ ಭಯ ಹಲವರಿಗಿದೆ. ಸಂವಿಧಾನದ 371-ಡಿ ವಿಧಿಯಡಿ 1975ರಲ್ಲಿ ಹೊರಟ ರಾಷ್ಟ್ರಪತಿ ಆದೇಶ ನೌಕರಿಯ ಮಟ್ಟಿಗೆ ನೋಡುವುದು ಮುಖ್ಯವಾಗಿ ಹತ್ತನೆಯ ತರಗತಿವರೆಗಿನ ಶಾಲಾ ವರ್ಷಗಳನ್ನು. ಆದವಾನಿಯಲ್ಲಿ ಶಾಲೆ ಮುಗಿಸಿ ಬಳ್ಳಾರಿಯಲ್ಲಿ ಎಂ.ಎ. ಮಾಡಿದವರು ಅದರಿಂದಾಗಿ ಪರಸ್ಥಳದವರಾಗುವುದಿಲ್ಲ.

ಆಯ್ಕೆ ನಿಜವಾಗಿ ಕಠಿಣವಾಗುವುದು ಶಿಕ್ಷಕರಾಗಬೇಕೆನ್ನುವವರಿಗೆ. ಈ ಸೀಮೆಯಲ್ಲಿ ಅಂಥವರೇ ಹೆಚ್ಚು. ಆಂಧ್ರದ ಡಿಎಸ್‌ಸಿ ಶಿಕ್ಷಕರ ನೇಮಕಾತಿಯಲ್ಲಿ ಕನ್ನಡ ಭಾಷೆಗೂ ಕನ್ನಡ ಮಾಧ್ಯಮಕ್ಕೂ ಬೇರೆಯೇ ಹುದ್ದೆಗಳಿರುತ್ತವೆ. ಪ್ರೌಢಶಾಲೆಯ ಸ್ಕೂಲ್ ಅಸಿಸ್ಟೆಂಟ್ ಆಗಲು ಪದವಿಯ ಜೊತೆ ಬಿ.ಇಡಿ. ಬೇಕು, ಪದವಿಯಲ್ಲಿ ಯಾವ ವಿಷಯಗಳನ್ನು ಓದಲಾಗಿತ್ತು ಎಂಬುದನ್ನೂ ಪರಿಶೀಲಿಸುತ್ತಾರೆ. ಭಾಷಾ ಶಿಕ್ಷಕರ ಹುದ್ದೆಗೆ ಮಾತ್ರ ಒಂದು ಅನುಕೂಲವಿದೆ. ಪದವಿಯಲ್ಲಿ ಕನ್ನಡ ಐಚ್ಛಿಕವಾಗಿರದಿದ್ದರೂ ಕನ್ನಡ ಎಂ.ಎ. ಇದ್ದರೆ ಸಾಕು, ಅದರೊಡನೆ ಕನ್ನಡ ಬೋಧನಾ ವಿಧಾನದ ಬಿ.ಇಡಿ. ಅಥವಾ ಭಾಷಾ ಪಂಡಿತ ತರಬೇತಿ ಇರಬೇಕು. ಬಿ.ಕಾಂ. ಓದಿದ ಕನ್ನಡತಿಯೊಬ್ಬಳು ಮತ್ತೆ ಬಿ.ಎ.ಗೆ ಸೇರಿ ಮೂರು ವರ್ಷ ಕಳೆಯಬೇಕಾಗಿಲ್ಲ. ಎರಡು ವರ್ಷದ ಎಂ.ಎ. ಅದೇ ಕೆಲಸ ಮಾಡುತ್ತದೆ, ಮೇಲಾಗಿ ಕಾಲೇಜಿನ ದಾರಿಯನ್ನೂ ತೆರೆದಿಡುತ್ತದೆ. ಜೂನಿಯರ್ ಕಾಲೇಜಿನ ಉಪನ್ಯಾಸಕರಿಗೆ ಸ್ನಾತಕೋತ್ತರವೇ ಮೂಲ ಅರ್ಹತೆ. ಪದವಿ ಕಾಲೇಜಿಗೆ ಅದರಲ್ಲಿ ಶೇ. 55 ಅಂಕಗಳ ಜೊತೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ಬೇಕು.

ಪ್ರಾಥಮಿಕ ಶಾಲೆಯ ಲೆಕ್ಕವೇ ಬೇರೆ. ಒಂದರಿಂದ ಐದನೆಯ ತರಗತಿಗೆ ಕಲಿಸಲು ಬಿ.ಇಡಿ. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ಹಳ್ಳಿಯ ಕನ್ನಡ ಪ್ರಾಥಮಿಕ ಶಾಲೆಯಲ್ಲೇ ಕಲಿಸಬೇಕೆಂಬ ಆಸೆಯಿರುವವರಿಗೆ ಎಂ.ಎ.ಯೂ ಬೇಡ, ಬಿ.ಇಡಿ.ಯೂ ಬೇಡ, ಬೇಕಾದದ್ದು ಡಿ.ಎಲ್.ಇಡಿ. ಡಿಪ್ಲೊಮಾ. ಪದವೀಧರರಿಗೆ ಇದು ಕೆಳಗಿಳಿದಂತೆ ಕಾಣಬಹುದು. ಹಾಗೆ ಕಾಣಬಾರದು. ಈ ಗಡಿ ಮಂಡಲಗಳಲ್ಲಿ ಕನ್ನಡ ಉಳಿಯುವುದೂ ಅಳಿಯುವುದೂ ಒಂದನೆಯ ತರಗತಿಯಲ್ಲೇ.

ವಕೀಲಿಕೆಯ ವಿಷಯ ಸರಳ. ಯಾವುದೇ ಪದವಿಯ ಮೇಲೆ ಮೂರು ವರ್ಷದ ಎಲ್.ಎಲ್.ಬಿ., ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಬೇರೆ ವಿಷಯದ ಎಂ.ಎ. ಎಷ್ಟಿದ್ದರೂ ವಕೀಲರ ಸನ್ನದು ಸಿಗದು.

ಇನ್ನು ಒಂದು ಬಿ.ಎ. ಮೇಲೆ ಬಿ.ಎಸ್ಸಿ., ಒಂದು ಬಿ.ಕಾಂ. ಮೇಲೆ ಬಿ.ಎ. ಎಂಬಂಥ ಎರಡನೆಯ ಸಾಮಾನ್ಯ ಪದವಿ. ಇದಕ್ಕಿದ್ದ ಮುಖ್ಯ ಕಾರಣ, ವಿಷಯ ಬದಲಿಸಿದರೆ ಸ್ನಾತಕೋತ್ತರಕ್ಕೆ ಸೇರಿಸಿಕೊಳ್ಳರು ಎಂಬುದು. ಆ ಕಾರಣ ಈಗ ದುರ್ಬಲವಾಗಿದೆ. ಯುಜಿಸಿಯ 2025ರ ನಿಯಮಾವಳಿಯಂತೆ ರಾಷ್ಟ್ರಮಟ್ಟದ ಅಥವಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಗೆದ್ದವರು ಪದವಿಯಲ್ಲಿ ಓದದ ವಿಷಯದಲ್ಲೂ ಸ್ನಾತಕೋತ್ತರಕ್ಕೆ ಸೇರಬಹುದು. ಪ್ರವೇಶ ಸಿಕ್ಕಮಾತ್ರಕ್ಕೆ ತಳಪಾಯ ಸಿಗುವುದಿಲ್ಲ ಎಂಬುದೂ ನಿಜ. ಗಣಿತ, ಭೌತವಿಜ್ಞಾನದಂಥ ವಿಷಯಗಳಿಗೆ ಬುಡದಿಂದ ಓದದೆ ನೇರವಾಗಿ ಎಂ.ಎಸ್ಸಿ.ಗೆ ಹೋದವರು ಮೊದಲ ಸೆಮಿಸ್ಟರಿನಲ್ಲೇ ತಡವರಿಸುತ್ತಾರೆ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದಲ್ಲಿ ಒಂದು ಬೇಸಿಗೆಯ ಶ್ರದ್ಧೆಯ ಓದಿನಿಂದ ಆ ಅಂತರ ತುಂಬಬಹುದು.

ಮೂರು ವರ್ಷದ ಪದವಿ ಮುಗಿಸಿದವರಿಗೆ ನಾಲ್ಕನೆಯ ಆನರ್ಸ್ ವರ್ಷವೂ ಉಂಟು. ನಾಲ್ಕು ವರ್ಷ ಓದಿದವರಿಗೆ ಸ್ನಾತಕೋತ್ತರ ಒಂದೇ ವರ್ಷ, ಮೂರು ವರ್ಷದವರಿಗೆ ಎರಡು. ಒಟ್ಟು ಕಾಲ ಒಂದೇ ಆದರೂ, ನಾಲ್ಕನೆಯ ವರ್ಷಕ್ಕೆ ನಿಂತು ನೌಕರಿ ಹಿಡಿಯುವ ಅವಕಾಶ ಹೆಚ್ಚುವರಿ.

ಹಣದ ವಿಚಾರವನ್ನು ಪ್ರವೇಶಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಸುಗ್ಗಿಗೆ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ವಲಸೆ ಹೋಗುವ ಮನೆಗಳಲ್ಲಿ ಇನ್ನೆರಡು ವರ್ಷದ ಓದು ಎಂದರೆ ಎರಡು ವರ್ಷದ ದುಡಿಮೆಯ ತ್ಯಾಗ. 2020ರ ಕೊನೆಯಲ್ಲಿ ಆಂಧ್ರ ಸರ್ಕಾರ ಹೊರಡಿಸಿದ 77ನೆಯ ಆದೇಶ ಖಾಸಗಿ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಶುಲ್ಕ ಮರುಪಾವತಿಯಿಂದ ಹೊರಗಿಟ್ಟಿತು. ಅದೇ ಕೋರ್ಸನ್ನು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓದುವುದಕ್ಕೂ ಖಾಸಗಿ ಕಾಲೇಜಿನಲ್ಲಿ ಓದುವುದಕ್ಕೂ ಇಷ್ಟು ದೊಡ್ಡ ವ್ಯತ್ಯಾಸ ಬಿದ್ದದ್ದು ಹಲವರಿಗೆ ಸೇರಿದ ಮೇಲೆ ತಿಳಿಯಿತು. ಪ್ರವೇಶದ ವರ್ಷದಲ್ಲಿ ಯಾವ ಆದೇಶ ಜಾರಿಯಲ್ಲಿದೆ ಎಂದು ಬರಹದಲ್ಲೇ ನೋಡಿ ಸೇರುವುದು ಕ್ಷೇಮ.

ಕೆಲಸ ಮಾಡುತ್ತಲೇ ಓದುವವರಿಗೆ ದೂರಶಿಕ್ಷಣವಿದೆ. 2022ರಿಂದ ಯುಜಿಸಿ ಎರಡು ಪದವಿಗಳನ್ನು ಒಟ್ಟಿಗೆ ಓದಲೂ ಒಪ್ಪಿದೆ: ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು, ಅಥವಾ ಒಂದು ದೂರಶಿಕ್ಷಣವಾಗಿರಬೇಕು. ಆದರೆ ಮಾನ್ಯತೆಯನ್ನು ವರ್ಷವರ್ಷವೂ ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಹಳೆಯ ಸಂಸ್ಥೆಗೂ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪ್ರಮಾಣಪತ್ರ ಹಿಡಿದು ಅಲೆದರು.

ಹೀಗಾಗಿ ತೀರ್ಮಾನ ಇಷ್ಟು: ಸನ್ನದು ಬೇಕಾದವರಿಗೆ ವೃತ್ತಿಯ ಎರಡನೆಯ ಪದವಿ, ಕಾಲೇಜಿನ ಬೋಧನೆಗೂ ಸಂಶೋಧನೆಗೂ ಸ್ನಾತಕೋತ್ತರ, ಈ ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸುವವರಿಗೆ ಬಿ.ಇಡಿ., ಅದರ ಜೊತೆ ಸಾಧ್ಯವಾದರೆ ಕನ್ನಡ ಎಂ.ಎ. ಎರಡನೆಯ ಸಾಮಾನ್ಯ ಪದವಿಗೆ ಮೂರು ವರ್ಷ ಕೊಡುವುದು ವಿಜ್ಞಾನಕ್ಕೆ ಹೊರಳುವವರನ್ನು ಬಿಟ್ಟರೆ ಹೆಚ್ಚಿನವರಿಗೆ ಅಗತ್ಯವಿಲ್ಲ.