ತಪ್ಪಿನ ಕಾರಣವನ್ನು ಓದುವುದು



ಹರವೆಯ ಕಡೆಯ ಹುಡುಗಿಯೊಬ್ಬಳು ಈಚೆಗೆ ನಮ್ಮ ಮನೆಗೆ ಬಂದಿದ್ದಳು. ದ್ವಿತೀಯ ಪಿ.ಯು.ಸಿ. ಓದುತ್ತಿರುವವಳು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಪರೀಕ್ಷೆಗೆ, ಎಂದರೆ ಮಕ್ಕಳು ‘ಕ್ಲಾಟ್’ ಎಂದು ಕರೆಯುವ ಪರೀಕ್ಷೆಗೆ, ಸಿದ್ಧಳಾಗುತ್ತಿದ್ದಾಳೆ. “ಮೇಷ್ಟ್ರೇ, ಒಂಬತ್ತು ಅಭ್ಯಾಸಪತ್ರಿಕೆ ಬರೆದೆ. ಅಂಕ ಮೇಲೇಳುತ್ತಿಲ್ಲ. ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದವರಿಗೆ ಇದು ಆಗದು, ಬಿಟ್ಟುಬಿಡಲೆ?” ಎಂದಳು. ಬರೆದ ಪತ್ರಿಕೆಗಳನ್ನು ಆಮೇಲೆ ಏನು ಮಾಡಿದೆ ಮಗು ಎಂದು ಕೇಳಿದೆ. ಅಂಕ ಎಣಿಸಿ, ಕಟ್ಟಿ ಅಟ್ಟದ ಮೇಲಿಟ್ಟೆ ಎಂದಳು.

2008ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಈಗ ಎರಡು ಗಂಟೆಗೆ 120 ಪ್ರಶ್ನೆಗಳು. ಸರಿಯುತ್ತರಕ್ಕೆ 1 ಅಂಕ. ತಪ್ಪಾದರೆ ಕಾಲು ಅಂಕ ಕಡಿತ. ಗದ್ಯಭಾಗವನ್ನು ಓದಿ, ಅದರ ಆಧಾರದಿಂದ ಉತ್ತರಿಸಬೇಕು. ಪತ್ರಿಕೆ ಇಂಗ್ಲಿಷಿನಲ್ಲಿ. ಅವಳ ಅಂಜಿಕೆ ನಿರಾಧಾರವಾದುದಲ್ಲ.

ಕೊನೆಯ ಪತ್ರಿಕೆಯನ್ನು ತರಿಸಿಕೊಂಡು ಇಬ್ಬರೂ ಕುಳಿತೆವು. 104 ಪ್ರಶ್ನೆಗಳನ್ನು ಉತ್ತರಿಸಿದ್ದಳು. 68 ಸರಿ, 36 ತಪ್ಪು. ತಪ್ಪಿಗೆಂದು 9 ಕಳೆದು ಉಳಿದ ಅಂಕ 59. ಸರಿಯುತ್ತರ ಯಾವುದೆಂದು ನಾನು ಕೇಳಲಿಲ್ಲ. ನೀನು ಇದನ್ನೇ ಏಕೆ ಆರಿಸಿದೆ ಎಂದು ಒಂದೊಂದಕ್ಕೂ ಕೇಳಿದೆ.

ಒಂದು ಪ್ರಶ್ನೆಯನ್ನು ನಮ್ಮ ಸೀಮೆಯ ಮಾತಿಗೆ ತಿರುಗಿಸಿ ಹೇಳುತ್ತೇನೆ. ಹದಿನೇಳು ವರ್ಷದ ಹುಡುಗ ವ್ಯಾಪಾರಿಯಿಂದ ಮುಂಗಡ ಪಡೆದು, ಅರಿಸಿನ ಕೊಡುವೆನೆಂದು ಕರಾರು ಮಾಡಿಕೊಂಡ, ಕೊಡಲಿಲ್ಲ. ವ್ಯಾಪಾರಿ ಆ ಕರಾರನ್ನು ನ್ಯಾಯಾಲಯದಲ್ಲಿ ಜಾರಿ ಮಾಡಿಸಬಹುದೆ? 18 ತುಂಬದವನ ಕರಾರು ಅನೂರ್ಜಿತವೆಂದು ಗದ್ಯಭಾಗದಲ್ಲೇ ಹೇಳಿತ್ತು. 1872ರ ಕರಾರು ಕಾಯಿದೆಯನ್ನು ಅರ್ಥೈಸುತ್ತ 1903ರಲ್ಲಿ ಪ್ರೀವಿ ಕೌನ್ಸಿಲ್ ನಿರ್ಣಯಿಸಿದ್ದೂ ಹಾಗೆಯೇ. ಹುಡುಗಿ ಮಾತ್ರ ‘ಮಾಡಿಸಬಹುದು’ ಎಂದು ಗುರುತಿಸಿದ್ದಳು. “ಹಣ ತೆಗೆದುಕೊಂಡವನು ಮಾತು ಉಳಿಸಿಕೊಳ್ಳಬೇಡವೆ ಮೇಷ್ಟ್ರೇ?” ಎಂದಳು. ಇಂಗ್ಲಿಷ್ ಅವಳಿಗೆ ಅರ್ಥವಾಗಿತ್ತು. ಕೊಟ್ಟ ನಿಯಮವನ್ನು ಬದಿಗಿಟ್ಟು, ಮನೆಯಲ್ಲಿ ಕಲಿತ ನೀತಿಯಿಂದ ತೀರ್ಪು ಹೇಳಿದ್ದಳು.

ಹೀಗೆ ವಿಂಗಡಿಸುತ್ತ ಹೋದಾಗ, ಭಾಷೆಯ ತೊಡಕಿನಿಂದ ಹೋದವು 7. ವಿಷಯ ತಿಳಿಯದೆ ಹೋದವು 6. ನಿಯಮವನ್ನೋ ಪ್ರಶ್ನೆಯನ್ನೋ ಸರಿಯಾಗಿ ಓದದೆ ಹೋದವು 13. ಕೊನೆಯ ಗಳಿಗೆಯ ಅವಸರದ ಊಹೆಗಳು 10. ತನ್ನ ಹಳ್ಳಿಯನ್ನೂ ಮಾತೃಭಾಷೆಯನ್ನೂ ಆಕೆ ದೂರಿಕೊಂಡಿದ್ದುದು ಆ ಏಳರ ಸಲುವಾಗಿ! ಏಳಕ್ಕೆ ನಿಘಂಟು ಬೇಕು, ಆರಕ್ಕೆ ವೃತ್ತಪತ್ರಿಕೆ ಬೇಕು. ಉಳಿದ ಇಪ್ಪತ್ತಮೂರಕ್ಕೆ ಸಾವಧಾನ ಸಾಕು.

ಕ್ರಮವನ್ನೂ ಹೇಳಿಕೊಟ್ಟೆ. ಬರೆಯುವಾಗಲೇ ಅನುಮಾನವಿದ್ದ ಪ್ರಶ್ನೆಗೆ ಗುರುತು ಹಾಕು. ಉತ್ತರಗಳನ್ನು ನೋಡುವ ಮೊದಲು ಅವನ್ನು ಗಡಿಯಾರದ ಹಂಗಿಲ್ಲದೆ ಮತ್ತೊಮ್ಮೆ ಮಾಡು. ಆಗ ಸರಿಯಾದರೆ ಕೊರತೆ ವೇಳೆಯದು, ಆಗಲೂ ತಪ್ಪಿದರೆ ತಿಳಿವಳಿಕೆಯದು. ಪ್ರತಿ ತಪ್ಪಿನ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದಿಡು. ಅದೃಷ್ಟದಿಂದ ಸರಿಯಾದುದನ್ನೂ ಬಿಡಬೇಡ. ಅದು ನಾಳೆಯ ತಪ್ಪು. ವಾರ ಕಳೆದ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೆ ಉತ್ತರಿಸು. ಇದೆಲ್ಲ ಆಗುವವರೆಗೆ ಹತ್ತನೆಯ ಪತ್ರಿಕೆ ಬೇಡ.

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಅದರ ಮೊದಲ ಪರಿಚ್ಛೇದ ದೋಷಾದೋಷಗಳನ್ನು ಕುರಿತದ್ದು. ಅಲಂಕಾರಗಳ ಮಾತು ಬರುವುದು ಅನಂತರ. ಇದನ್ನು ವರ್ಷಗಟ್ಟಲೆ ಪಾಠ ಹೇಳಿದ ನಾನು, ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಕೆಂಪು ಗೀಟೆಳೆದು ಅಂಕ ಹಾಕಿದೆನೇ ಹೊರತು, ಹೀಗೇಕೆ ಬರೆದೆ ಎಂದು ಒಂದು ಮಗುವನ್ನೂ ಕೂರಿಸಿ ಕೇಳಲಿಲ್ಲ. ಈಗ ಅದು ನೆನಪಾಗಿ ನಾಚಿಕೆಯೆನಿಸುತ್ತದೆ.

ಪರೀಕ್ಷೆ ಇನ್ನೂ ಮುಂದಿದೆ. ಫಲವನ್ನು ನಾನು ಹೇಳಲಾರೆ. ಹುಡುಗಿ ಉಳಿದ ಎಂಟು ಪತ್ರಿಕೆಗಳನ್ನೂ ಅಟ್ಟದಿಂದ ಇಳಿಸಿದ್ದಾಳೆಂದು ಮಾತ್ರ ಬಲ್ಲೆ. ನಿಮ್ಮ ಮನೆಯ ಮಗುವೂ ಅಂಕ ಹೇಳಿ ತಲೆ ತಗ್ಗಿಸಿದರೆ, ಗದರಿಸುವ ಮೊದಲು ಆ ಪತ್ರಿಕೆಯನ್ನು ಹಿಡಿದು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ.