ತೆರೆದ ಬಾಗಿಲು ಮುಚ್ಚದಿರಲಿ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಿಮಗೆ ತಾಲೀಮಿನ ಮಣ್ಣು ಹೊಸದಲ್ಲ. ಇಂದು ಬೇರೊಂದು ಅಖಾಡದ ಮಾತು ಹೇಳುತ್ತೇನೆ.

ಅಮೆರಿಕದಲ್ಲಿ ಫೆನ್ಸಿಂಗ್ ಎಂಬ ಕತ್ತಿವರಸೆ ಬಹುಕಾಲ ಉಳ್ಳ ಬಿಳಿಯರ ಆಟವಾಗಿತ್ತು. ಕಪ್ಪುವರ್ಣದ ತಂದೆ, ಜಪಾನಿ ತಾಯಿಯ ಮಗ ಪೀಟರ್ ವೆಸ್ಟ್‌ಬ್ರೂಕ್ ನೆವಾರ್ಕ್‌ನಲ್ಲಿ ಬಡತನದಲ್ಲಿ ಬೆಳೆದರು. ಮಗ ದಾರಿ ತಪ್ಪಬಾರದೆಂದು ತಾಯಿ ಕೈಗೆ ಐದು ಡಾಲರ್ ಕೊಟ್ಟು ಈ ಆಟಕ್ಕೆ ಹಚ್ಚಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು, ಈ ಆಟದಲ್ಲಿ ಪದಕ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದರು.

ಅವರು ಅಲ್ಲಿಗೇ ನಿಲ್ಲಲಿಲ್ಲ. 1991ರಲ್ಲಿ ನ್ಯೂಯಾರ್ಕಿನಲ್ಲಿ ಸಂಸ್ಥೆ ಕಟ್ಟಿ ಬಡಮಕ್ಕಳಿಗೆ ಕಲಿಸಿದರು. ಅಲ್ಲಿ ಕಲಿತ ಅಣ್ಣ-ತಂಗಿ ಕೀತ್ ಮತ್ತು ಎರಿನ್ ಸ್ಮಾರ್ಟ್ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ತಮ್ಮ ತಮ್ಮ ತಂಡದೊಡನೆ ಬೆಳ್ಳಿ ಗೆದ್ದರು. 2024ರಲ್ಲಿ ವೆಸ್ಟ್‌ಬ್ರೂಕ್ ತೀರಿಕೊಂಡರು; ಅವರು ತೆರೆದ ಬಾಗಿಲು ತೆರೆದೇ ಇದೆ.

ನಮ್ಮಲ್ಲಿ ಏನಾಯಿತು? 1987ರಲ್ಲಿ ಸರ್ಕಾರ ಆಫ್ರಿಕಾ ಮೂಲದ ಸಿದ್ದಿ ಮಕ್ಕಳನ್ನು ಉತ್ತರ ಕನ್ನಡದ ಕಾಡಿನಿಂದ ಆರಿಸಿ ಆಟೋಟದ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯಂಥವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಹಲವರು ಕೂಲಿಗೆ ಮರಳಿದರು. ನಮ್ಮ ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2020ರಲ್ಲಿ.

ಮೈಕಟ್ಟು ನೋಡಿ ಕರೆದು, ಪದಕ ಬಾರದಿದ್ದರೆ ಕೈಬಿಡುವುದು ಸಮಾನತೆಯಲ್ಲ. ಗೆದ್ದರೂ ಸೋತರೂ ಜೊತೆಗಿರುವುದೇ ದಾಸೋಹ. ನಮ್ಮ ಮಠಗಳ ಪ್ರಸಾದನಿಲಯ, ಶಾಲೆ, ತಾಲೀಮುಗಳಲ್ಲಿ ಇಂಥ ಮಕ್ಕಳಿಗೆ ವರ್ಷವರ್ಷವೂ ಜಾಗವಿರಲಿ. ಈ ವರ್ಷ ಊರಿಗೊಂದು ಮಗುವಿನಿಂದ ಆರಂಭಿಸೋಣ.