ಹೇಳಿಕೊಳ್ಳಲಾಗದ ಜಾಗದ ನರಹುಲಿ

ಕೈಮೇಲೆ ನರಹುಲಿ ಎದ್ದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಮುಚ್ಚಿಡುವುದಿಲ್ಲ. ಸುಣ್ಣ-ಸೋಡಾ ಹಚ್ಚು, ಕುದುರೆ ಕೂದಲು ಕಟ್ಟು ಅಂತ ಕಟ್ಟೆಯ ಮೇಲೆ ಕೂತವರೇ ಮದ್ದು ಹೇಳುತ್ತಾರೆ. ಅದೇ ನರಹುಲಿ ಗುಪ್ತಾಂಗದಲ್ಲಿ ಎದ್ದರೆ ಬಾಯಿ ಕಟ್ಟಿಹೋಗುತ್ತದೆ. ಗುಟ್ಟಾಗಿ ಅಲ್ಲಿಗೂ ಸುಣ್ಣ ಹಚ್ಚಿಕೊಂಡರೆ ಚರ್ಮ ಸುಟ್ಟು ಹುಣ್ಣಾಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ.

ಇದನ್ನು ತರುವುದು ಎಚ್‌ಪಿವಿ ಎಂಬ ವೈರಸ್. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗುಪ್ತಾಂಗದ ನರಹುಲಿಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು 6 ಮತ್ತು 11ನೇ ಬಗೆಯ ಕೆಲಸ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18 ಬೇರೆಯವೇ. ಹಾಗಾಗಿ ನರಹುಲಿ ಎದ್ದ ಮಾತ್ರಕ್ಕೆ ಕ್ಯಾನ್ಸರ್ ಬಂತೆಂದು ಎದೆಗುಂದಬೇಕಿಲ್ಲ. ಆದರೆ 30 ದಾಟಿದ ಹೆಂಗಸರು, ನರಹುಲಿ ಇರಲಿ ಬಿಡಲಿ, ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಸಂಸಾರ ಒಡೆಯುವ ಪ್ರಶ್ನೆ ಇನ್ನೊಂದಿದೆ: ಯಾರಿಂದ ಬಂತು? ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಇದು ಹರಡುತ್ತದೆ, ನಿಜ. ಆದರೆ ಅಂಟಿದ ವೈರಸ್ ನರಹುಲಿಯಾಗಿ ಕಾಣಲು ವಾರಗಳಾಗಬಹುದು, ತಿಂಗಳುಗಳಾಗಬಹುದು, ವರ್ಷಗಳೇ ಆಗಬಹುದು. ಅಂಟಿಸಿದವರ ಮೈಮೇಲೆ ಒಂದು ಗುಳ್ಳೆಯೂ ಇಲ್ಲದಿರಬಹುದು. ಮದುವೆಗೆ ಮುಂಚಿನದೋ ಆಮೇಲಿನದೋ ಎಂದು ಹೇಳುವ ಪರೀಕ್ಷೆಯೇ ಇಲ್ಲ. ಇಷ್ಟರ ಮೇಲೆ ಹೆಂಡತಿಯನ್ನು ತವರಿಗೆ ಅಟ್ಟುವ ಗಂಡ ವೈದ್ಯರ ಹೆಸರು ಹೇಳದಿರಲಿ.

ಹಾಗಾದರೆ ಚಿಕಿತ್ಸೆಗೆ ಎಲ್ಲಿಗೆ ಹೋಗುವುದು? ತೆಲಂಗಾಣದ ಗಡಿಯಲ್ಲಿರುವ ನಮ್ಮ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೊಳೆ ದಾಟಿದರೆ ಕರ್ನಾಟಕದ ರಾಯಚೂರು. ಊರಲ್ಲಿ ಗುರುತಿನವರ ಕಣ್ಣಿಗೆ ಬೀಳುವ ಸಂಕೋಚವಿದ್ದವರು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ಸರ್ಕಾರದ ‘ಸುರಕ್ಷಾ’ ಕ್ಲಿನಿಕ್ಕುಗಳು ಇರುವುದೇ ಇಂಥ ರೋಗಗಳಿಗೆ; ಗುಟ್ಟು ಹೊರಹೋಗದು. ಡಾಕ್ಟರು ಮೊದಲು ನೋಡಿ, ಇದು ನರಹುಲಿಯೇ ಹೌದೇ ಎಂದು ತೀರ್ಮಾನಿಸುತ್ತಾರೆ. ಸಿಫಿಲಿಸ್‌ನ ಗಂಟುಗಳೂ ಹೀಗೇ ಕಾಣುತ್ತವೆ, ಅದಕ್ಕೆ ಪೆನಿಸಿಲಿನ್ ಬೇಕು. ಆದ್ದರಿಂದ ರಕ್ತ ಪರೀಕ್ಷೆಗೆ ಬರೆದರೆ ಮುನಿಸಿಕೊಳ್ಳಬೇಡಿ.

ಒಂದು ಚಿಕಿತ್ಸೆ ದ್ರವ ಸಾರಜನಕದ್ದು. ಮೈನಸ್ 196 ಡಿಗ್ರಿಯ ಆ ದ್ರವವನ್ನು ಹತ್ತಿಯ ಕಡ್ಡಿಯಿಂದ ಮುಟ್ಟಿಸಿದರೆ ನರಹುಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಚುರುಚುರು ಉರಿ, ಆಮೇಲೆ ಬೊಬ್ಬೆ, ಕೊನೆಗೆ ಉದುರುತ್ತದೆ. ಇಮಿಕ್ವಿಮೋಡ್ ಮುಲಾಮನ್ನು ವಾರಕ್ಕೆ ಮೂರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ಹದಿನಾರು ವಾರದವರೆಗೂ. ಚರ್ಮ ತುಸು ಕೆಂಪಾದರೆ ಗಾಬರಿ ಬೇಡ. ಪೊಡೊಫಿಲಿನ್ ಎಂಬ ಔಷಧಿಯೂ ಇದೆ. ಬಸುರಿಯರಿಗೆ ಅದು ಕೂಡದು.

ಇವೆಲ್ಲ ನರಹುಲಿಯನ್ನು ತೆಗೆಯುತ್ತವೆ, ವೈರಸ್ಸನ್ನಲ್ಲ. ಅದಕ್ಕೇ ಹಲವರಿಗೆ ಕೆಲವೇ ತಿಂಗಳಲ್ಲಿ ಮತ್ತೆ ಏಳುತ್ತದೆ. ಡಾಕ್ಟರನ್ನು ಬೈಯುವ ಮಾತಲ್ಲ ಇದು. ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ವೈರಸ್ಸನ್ನು ತಾನೇ ಅಡಗಿಸುತ್ತದೆ; ಎಚ್‌ಐವಿ ಇರುವವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ತಡವಾಗಬಹುದು. ಕಾಂಡೋಮು ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯದು.

ಎಚ್‌ಪಿವಿ ತಡೆಯುವ ಲಸಿಕೆಯೂ ಇದೆ. ಅದರ ಮಾತೆತ್ತಿದರೆ ತೆಲಂಗಾಣದ ಖಮ್ಮಂ ನೆನಪಾಗುತ್ತದೆ. 2009ರಲ್ಲಿ ಅಲ್ಲಿ ಬಾಲಕಿಯರಿಗೆ ಈ ಲಸಿಕೆ ಹಾಕುವ ಯೋಜನೆ ನಡೆದು, ಕೆಲವರು ತೀರಿಕೊಂಡ ಸುದ್ದಿಯಿಂದ 2010ರಲ್ಲಿ ನಿಂತಿತು. ವಿಚಾರಣೆಯಲ್ಲಿ ಸಾವಿಗೂ ಲಸಿಕೆಗೂ ನಂಟು ಕಾಣಲಿಲ್ಲ. ಹಾಸ್ಟೆಲ್ ವಾರ್ಡನ್ನರೇ ಹೆತ್ತವರ ಪರವಾಗಿ ಸಹಿ ಹಾಕಿದ್ದು ಮಾತ್ರ ದೊಡ್ಡ ತಪ್ಪು. ಮುಂದೆ ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಗೆ 2022ರಲ್ಲಿ ಪರವಾನಗಿ ಸಿಕ್ಕಿತು. ಅದು 6, 11, 16, 18 ನಾಲ್ಕನ್ನೂ ತಡೆಯುತ್ತದೆ; 9ರಿಂದ 26 ವರ್ಷದ ಹೆಣ್ಣು-ಗಂಡು ಇಬ್ಬರಿಗೂ ಹಾಕಬಹುದು. ಈಗಾಗಲೇ ಎದ್ದ ನರಹುಲಿಯನ್ನು ಮಾತ್ರ ಲಸಿಕೆ ಕರಗಿಸದು.